ಇಳಿಜಾರಿನಲ್ಲಿ ಪಿ (ಪಾರ್ಕ್) ಹಾಕಿದರೆ ಗಾಡಿ ಜರುಗುವುದೇಕೆ?

ಪ್ರಶ್ನೆ: ನನ್ನದು ಟಾರ್ಕ್ ಕನ್ವರ್ಟರ್ ಬಗೆಯ ಆಟೊಮ್ಯಾಟಿಕ್ ಕಾರು. ಇಳಿಜಾರಿನಲ್ಲಿ ಪಿ ಹಾಕಿ ಬ್ರೇಕ್ ಬಿಟ್ಟರೆ ಸ್ವಲ್ಪ ಜರುಗುತ್ತೆ, ಪಿ ತೆಗೆಯುವಾಗ ಟಕ್ ಅನ್ನುತ್ತೆ. ಗೇರ್‌ಬಾಕ್ಸ್ ಹೋಯ್ತಾ?

ಉತ್ತರ 1: ಹೋಗಿಲ್ಲ ಸರ್. ಪಿ ಅಂದರೆ ಬ್ರೇಕ್ ಅಲ್ಲ. ಔಟ್‌ಪುಟ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಚಕ್ರಗಳ ಕಡೆಗೆ ಬಲ ಒಯ್ಯುವ ದಂಡ) ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುವ ಸಣ್ಣ ಕೊಕ್ಕೆ. ಗಾಡಿಯ ಭಾರವೆಲ್ಲ ಅದರ ಮೇಲೆ ಬೀಳ್ತಿದೆ. ಫುಟ್‌ಬ್ರೇಕ್ ಒತ್ತಿಕೊಂಡೇ ಎನ್‌ಗೆ (ನ್ಯೂಟ್ರಲ್) ತಂದು ಹ್ಯಾಂಡ್‌ಬ್ರೇಕ್ ಎಳೆಯಿರಿ. ಫುಟ್‌ಬ್ರೇಕ್ ಸಡಿಲಿಸಿ, ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ. ಮತ್ತೆ ಫುಟ್‌ಬ್ರೇಕ್ ಒತ್ತಿ ಪಿ ಹಾಕಿ.

ಉತ್ತರ 2: ಹೊರಡುವಾಗ ಬ್ರೇಕ್ ಒತ್ತಿ ಮೊದಲು ಪಿ ತೆಗೆಯಿರಿ, ಆಮೇಲೆ ಹ್ಯಾಂಡ್‌ಬ್ರೇಕ್. ಗಾಡಿ ಪೂರ್ತಿ ನಿಲ್ಲುವ ಮೊದಲೇ ಪಿಗೆ ತಳ್ಳಿದರೆ ಕರಕರ ಅಂದು ಕೊಕ್ಕೆ ಸವೆಯುತ್ತೆ.

ಉತ್ತರ 3: ಸೆಲೆರಿಯೊ ತರದ ಎಎಂಟಿ ಕಾರಿನಲ್ಲಿ (ಮ್ಯಾನುಯಲ್ ಗೇರ್‌ಬಾಕ್ಸೇ, ಗೇರ್ ಮಾತ್ರ ತಾನಾಗಿ ಬದಲಾಗುತ್ತೆ) ಪಿ ಇರೋದೇ ಇಲ್ಲ! ಹ್ಯಾಂಡ್‌ಬ್ರೇಕ್ ಎಳೆದು, ಮೂತಿ ಏರಿಗಿದ್ದರೆ ಡಿ (ಡ್ರೈವ್), ಇಳಿಜಾರಿಗಿದ್ದರೆ ಆರ್‌ನಲ್ಲಿಟ್ಟು (ರಿವರ್ಸ್) ಆಫ್ ಮಾಡಿ. ಎನ್‌ನಲ್ಲಿ ಬಿಟ್ಟರೆ ಹ್ಯಾಂಡ್‌ಬ್ರೇಕ್ ಒಂದೇ ಗತಿ.