ಪುಟ್ಟ, ಹತ್ತು ಜೇನುಪೆಟ್ಟಿಗೆ ಈಗಲೇ ಬೇಡ

ಪುಟ್ಟ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ, ಮಾತಾಡಿಯೇ ಕಳಿಸ್ತೇನೆ. ಉದ್ದ ಆಯ್ತು ಅಂತ ಬೈಬೇಡ.

ನಿನ್ನ ಲೆಕ್ಕ ಎಂತ? ಸುಳ್ಯದ ಜಾಗದಲ್ಲಿ 10 ಜೇನುಪೆಟ್ಟಿಗೆ, ಪೆಟ್ಟಿಗೆಗೆ 30 ಕಿಲೋ ಜೇನುತುಪ್ಪ, ಕಿಲೋಗೆ 600, ವರ್ಷಕ್ಕೆ 1,80,000. ಗುಣಾಕಾರ ಸರಿ ಉಂಟು ಮಾರಾಯ, ನೊಣ ಬೇರೆ. ನೀನು ನೋಡಿದ ವಿಡಿಯೋದವ ತೋರಿಸಿದ್ದು ಮೆಲ್ಲಿಫೆರಾ, ಹೊರದೇಶದಿಂದ ಬಂದ ದೊಡ್ಡ ಜೇನ್ನೊಣ. ಸಾಸಿವೆ, ಸೂರ್ಯಕಾಂತಿ ಎಲ್ಲಿ ಹೂ ಬಿಡ್ತದೋ ಅಲ್ಲಿಗೆ ರಾತ್ರಿ ಲಾರಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಹೋಗುವವರು ಅವರು. ನಮ್ಮ ತೋಟಕ್ಕೆ ಒಗ್ಗುದು ತುಡುವೆ, ನಮ್ಮ ಊರಿನದೇ ನಾಟಿ ಜೇನ್ನೊಣ. ಅದು ಒಳ್ಳೆ ವರ್ಷದಲ್ಲಿ ಎಂಟು-ಹತ್ತು ಕಿಲೋ ಕೊಟ್ರೆ ನಾನು ಖುಷಿ. ಪಕ್ಕದಲ್ಲಿ ರಬ್ಬರ್ ಇದ್ರೆ ಸ್ವಲ್ಪ ಜಾಸ್ತಿ. ಹೂವಿನಿಂದ ಅಲ್ಲ ಆಯ್ತಾ, ಎಲೆ ಉದುರಿ ಚಿಗುರು ಬರುವಾಗ ಎಲೆತೊಟ್ಟಿನಲ್ಲಿ ಸಿಹಿರಸ ಒಸರ್ತದೆ, ಅದಕ್ಕೆ ಮುತ್ತುತ್ತವೆ. ಆದ್ರೆ ರಬ್ಬರಿನ ಜೇನುತುಪ್ಪ ಬೇಗ ಹರಳುಗಟ್ಟುದು. ತಕ್ಕೊಂಡವರು "ಸಕ್ಕರೆ ಪಾಕ ಕೊಟ್ರಾ" ಅಂತ ಫೋನ್ ಮಾಡ್ತಾರೆ. ಬಿಸಿನೀರಲ್ಲಿ ಬಾಟಲಿ ಇಡಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.

ಇದೆಲ್ಲ ಬೇಸಗೆಯ ಮಾತು. ಜೇನಿನಲ್ಲಿ ದುಡ್ಡು ಉಂಟೋ ಇಲ್ವೋ ಅಂತ ಗೊತ್ತಾಗುದು ಮಳೆಗಾಲದಲ್ಲಿ. ಮೊದಲ ವರ್ಷ ನನ್ನ ಹತ್ರ ಆರು ಪೆಟ್ಟಿಗೆ ಇತ್ತು. ಮೇ ತಿಂಗಳಲ್ಲಿ ಆಸೆಗೆ ಬಿದ್ದು ಮೊಟ್ಟೆ-ಮರಿ ಇರುವ ಕೆಳಗಿನ ಸಂಸಾರ ಕೋಣೆಯ ಎರಿಯನ್ನೂ ಬಿಡದೆ ತುಪ್ಪ ತೆಗೆಯುವ ಮಿಷನಿಗೆ ಹಾಕಿ ತಿರುಗಿಸಿದೆ. ಆಟಿಯಲ್ಲಿ, ಅಂದ್ರೆ ಜೋರು ಮಳೆಯ ಜುಲೈ-ಆಗಸ್ಟಿನಲ್ಲಿ, ಒಂದು ದಿನ ಮಳೆ ಬಿಟ್ಟಾಗ ಮುಚ್ಚಳ ತೆಗೆದು ನೋಡಿದ್ರೆ ಐದು ಖಾಲಿ. ಒಂದರಲ್ಲಿ ಮೇಣದ ಹುಳು ಬಲೆ ಕಟ್ಟಿ ಕೂತಿತ್ತು. ಹೊರಗೆ ಹೂ ಇಲ್ಲ, ಒಳಗೆ ತಿನ್ಲಿಕ್ಕೆ ನಾನು ಬಿಟ್ಟಿಲ್ಲ, ಅವು ಇರುದಾದರೂ ಹೇಗೆ? ಈಗ ಮಳೆ ಹಿಡಿಯುವ ಮೊದಲೇ ಮೇಲಿನ ತುಪ್ಪದ ಕೋಣೆ ತೆಗೆದಿಡ್ತೇನೆ, ಕೆಳಗಿನ ತುಪ್ಪ ಮುಟ್ಟುದಿಲ್ಲ. ವಾರಕ್ಕೊಮ್ಮೆ ಸಕ್ಕರೆ ನೀರು ಸಮ ಸಮ ಕರಗಿಸಿ, ನೊಣ ಮುಳುಗದ ಹಾಗೆ ಎರಡು ಕಡ್ಡಿ ಹಾಕಿ, ತೆಂಗಿನ ಗೆರಟೆಯಲ್ಲಿ ಒಳಗೆ ಇಡುದು. ಅದೂ ಕತ್ತಲಾಗುವಾಗ. ಹಗಲು ಇಟ್ರೆ ಪಕ್ಕದ ಪೆಟ್ಟಿಗೆಯವು ಕದಿಯಲಿಕ್ಕೆ ಬಂದು ಯುದ್ಧವೇ ಆಗ್ತದೆ.

ಹೀಗೆ ಮಳೆ ದಾಟಿಸಿದ ಜೇನು ಕುಟುಂಬಕ್ಕೇ, ಅಂದ್ರೆ ಒಂದು ಪೆಟ್ಟಿಗೆಯ ನೊಣಗಳಿಗೇ, ಬೆಲೆ. ದೀಪಾವಳಿ ಕಳೆದ ಮೇಲೆ ನೊಣ ತುಂಬಿದ್ದನ್ನು ಪಾಲು ಮಾಡಿದ್ರೆ ಒಂದು ಎರಡಾಗ್ತದೆ. ಕಳೆದ ವರ್ಷ ನನಗೆ ತುಪ್ಪಕ್ಕಿಂತ ಕುಟುಂಬ ಮಾರಿಯೇ ಹೆಚ್ಚು ಸಿಕ್ಕಿದ್ದು, ಇದನ್ನು ನಿನ್ನ ವಿಡಿಯೋದವ ಹೇಳ್ಲಿಲ್ಲ ನೋಡು.

ರೋಗದ ವಿಷಯ ನಿನ್ನ ಅಪ್ಪನ ಹತ್ರ ಕೇಳು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ 100ಕ್ಕೆ 90 ತುಡುವೆ ಕುಟುಂಬ ಹೋಯಿತು. ಮರಿಹುಳು ನೀರು ತುಂಬಿದ ಚೀಲದ ಹಾಗೆ ಆಗಿ ಸಾಯುದು. ನಮ್ಮ ಅಜ್ಜ ಆಮೇಲೆ ಪೆಟ್ಟಿಗೆ ಅಟ್ಟಕ್ಕೆ ಹಾಕಿದವರು ಇಳಿಸಲೇ ಇಲ್ಲ. ಇವತ್ತಿಗೂ ಅದಕ್ಕೆ ಮದ್ದಿಲ್ಲ. ಅದಕ್ಕೇ ಕೆಲಸ ಬಿಟ್ಟು ಇದನ್ನೇ ನಂಬಬೇಡ ಅಂತ ಹೇಳುದು.

ಮತ್ತೊಂದು, ಎರಿಯ ಮುಕ್ಕಾಲು ಪಾಲಿಗಾದ್ರೂ ಮೇಣದ ಮುಚ್ಚಳ ಬೀಳುವ ತನಕ ತುಪ್ಪ ತೆಗೀಬೇಡ. ನೀರಂಶ ಉಳಿದ್ರೆ ಹುಳಿ ಬರ್ತದೆ. ನನ್ನ ಒಂದು ಬಾಟಲಿ ಗಿರಾಕಿಯ ಕಪಾಟಿನೊಳಗೆ ಮುಚ್ಚಳ ಹಾರಿಸಿತ್ತು! ಆಮೇಲೆ ಪಕ್ಕದ ಗೇರು ತೋಟದವರನ್ನು ಈಗಲೇ ಪರಿಚಯ ಮಾಡ್ಕೊ. ಹೂ ಬಿಟ್ಟಾಗ ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟಕ್ಕೆ ಔಷಧಿ ಬಿಡುವ ದಿನ ಮೊದಲೇ ಹೇಳಿದ್ರೆ ಪೆಟ್ಟಿಗೆ ಆಚೆ ಸಾಗಿಸಬಹುದು.

ಸಬ್ಸಿಡಿ ಕೇಳಿದ್ದಿ. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸು, ಆದ್ರೆ ಅಗ್ಗಕ್ಕೆ ಸಿಗ್ತದೆ ಅಂತ ರಾಶಿ ಹಾಕಬೇಡ. ಖಾಲಿ ಪೆಟ್ಟಿಗೆ ಕೋಳಿಗೂಡಿಗೂ ಆಗುದಿಲ್ಲ.

ನವರಾತ್ರಿ ರಜೆಯಲ್ಲಿ ಬಾ. ನೊಣ ತುಂಬಿದ ಎರಡು ಕುಟುಂಬ ನಿನಗೇ ಅಂತ ಇಟ್ಟಿದ್ದೇನೆ. ದುಡ್ಡು ಮುಂದಿನ ವರ್ಷದ ಆಟಿ ಕಳೆದ ಮೇಲೆ ಕೊಟ್ರೆ ಸಾಕು, ಎರಡೂ ಉಳಿದಿದ್ರೆ. ಕಪ್ಪು ಅಂಗಿ ಹಾಕ್ಕೊಂಡು ಬರಬೇಡ ಮತ್ತೆ, ನೊಣ ಕುಟ್ಟುತ್ತವೆ. ಇಡ್ತೇನೆ, ಕತ್ತಲಾಯ್ತು, ಸಕ್ಕರೆ ನೀರು ತಣಿದಿದೆ.