ಆಟ ಆಡ್ತಾರೆ, ಭಾಷೆ ಮಾತ್ರ ಬರ್ತಿಲ್ಲ: ಶಿಕ್ಷಕಿಗೆ ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. 6ರಿಂದ 8 ವರ್ಷದ 10 ಮಕ್ಕಳಿಗೆ ಕನ್ನಡ ಹೇಳಿಕೊಡ್ತಿದ್ದೇನೆ, ಯಾರ ಮನೆಮಾತೂ ಕನ್ನಡ ಅಲ್ಲ. ವಾರಕ್ಕೆ 3 ದಿನ, ಅರ್ಧರ್ಧ ಗಂಟೆ. 20 ಜೋಡಿ ಚಿತ್ರದ ಕಾರ್ಡ್ ಮಾಡಿ, ಬೋರಲು ಹಾಕಿ, ಜೋಡಿ ಹುಡುಕೋ ಆಟ ಆಡಿಸ್ತೀನಿ. ಖುಷಿಯಾಗಿ ಆಡ್ತಾರೆ, ಆದ್ರೆ ಗಲಾಟೆಯೆಲ್ಲ ಅವರವರ ಭಾಷೆಯಲ್ಲೇ. ಮರುದಿನ ಕೇಳಿದ್ರೆ ನಾಲ್ಕು ಪದವೂ ನೆನಪಿರಲ್ಲ. ಎಲ್ಲಿ ತಪ್ತಿದ್ದೀನಿ?

ಉತ್ತರ (ಭಾಷಾ ಶಿಕ್ಷಕಿ): ಆ ಆಟಕ್ಕೆ ಕಣ್ಣು ಸಾಕು, ಬಾಯಿ ಬೇಕಿಲ್ಲ. ಆನೆಯ ಚಿತ್ರ ಯಾವ ಮೂಲೆಯಲ್ಲಿತ್ತು ಅಂತ ನೆನಪಿಟ್ಟ ಮಗು ಗೆಲ್ಲುತ್ತೆ. 'ಆನೆ' ಅನ್ನೋ ಪದ ಅದಕ್ಕೆ ಗೊತ್ತೇ ಇಲ್ಲದಿದ್ದರೂ ಗೆಲ್ಲುತ್ತೆ. ಯಾವ ಆಟ ಆರಿಸುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಕಿವಿ, ಬಾಯಿ ಎರಡನ್ನೂ ಮುಚ್ಚಿಕೊಂಡು ಇದನ್ನು ಗೆಲ್ಲಬಹುದಾ? ಗೆಲ್ಲಬಹುದು ಅಂತಾದರೆ ಅದು ಒಳ್ಳೆ ಆಟವೇ ಇರಬಹುದು, ಭಾಷೆ ಕಲಿಸೋ ಆಟ ಅಲ್ಲ.

ಕಾರ್ಡ್ ಎಸೆಯಬೇಡಿ, ಆಟ ಬದಲಾಯಿಸಿ. 8 ಚಿತ್ರ ಆರಿಸಿಕೊಳ್ಳಿ, ಒಂದೊಂದಕ್ಕೂ 4 ಕಾರ್ಡ್, ಒಟ್ಟು 32. ನಾಲ್ವರಿಗೆ ತಲಾ 5 ಹಂಚಿದರೆ 12 ಮಧ್ಯದ ಕಟ್ಟಿನಲ್ಲಿ ಉಳಿಯುತ್ತೆ. ಸರದಿ ಬಂದ ಮಗು ತನ್ನ ಕೈಯಲ್ಲಿರೋ ಚಿತ್ರವನ್ನೇ ಇನ್ನೊಬ್ಬರ ಹತ್ತಿರ ಕೇಳಬೇಕು: "ನಿನ್ನ ಹತ್ತಿರ ಆನೆ ಇದೆಯಾ?" ಇದ್ದರೆ "ಇದೆ, ತಗೋ" ಅಂತ ಕೊಡಬೇಕು. ಇಲ್ಲದಿದ್ದರೆ "ಇಲ್ಲ", ಆಗ ಕೇಳಿದವರು ಕಟ್ಟಿನಿಂದ ಒಂದು ಎತ್ತಿಕೊಳ್ಳಬೇಕು. ನಾಲ್ಕೂ ಸೇರಿದರೆ ಕೆಳಗಿಡಬಹುದು. ಇಲ್ಲಿ ಕೇಳದೆ ಕಾರ್ಡ್ ಸಿಗಲ್ಲ, ಕೇಳಿಸಿಕೊಳ್ಳದೆ ಕೊಡೋಕಾಗಲ್ಲ. ಕಾರ್ಡಿನ ಹಾಳೆ ತೆಳುವಾಗಿದ್ದರೆ ಬೆಳಕಿಗೆ ಹಿಂದಿನಿಂದ ಚಿತ್ರ ಕಾಣುತ್ತೆ, ಆಮೇಲೆ ಕೇಳೋ ಅಗತ್ಯವೇ ಇರಲ್ಲ. ದಪ್ಪ ಹಾಳೆಗೆ ಅಂಟಿಸಿ. ಪುಟ್ಟ ಕೈಗೆ 5 ಕಾರ್ಡ್ ಹಿಡಿಯೋದೂ ಕಷ್ಟವೇ, ಮುಂದೆ ಒಂದು ಪುಸ್ತಕ ಅರೆ ತೆರೆದು ನಿಲ್ಲಿಸಿದರೆ ಮರೆಯಾಗುತ್ತೆ.

10 ಮಕ್ಕಳನ್ನೂ ಒಂದೇ ಸುತ್ತಿನಲ್ಲಿ ಕೂರಿಸಬೇಡಿ. ಒಂದು ಸರದಿಗೆ 10 ಸೆಕೆಂಡ್ ಅಂದರೂ ಒಂದು ಸುತ್ತಿಗೆ 100 ಸೆಕೆಂಡ್, 10 ನಿಮಿಷದಲ್ಲಿ ಒಬ್ಬೊಬ್ಬರಿಗೆ 6 ಸಲ ಮಾತು. ನಾಲ್ವರ ಗುಂಪಲ್ಲಿ ಅದೇ 15 ಸಲ. 4, 3, 3 ಅಂತ ಒಡೆಯಿರಿ. ಅಂದ್ರೆ ಮೂರು ಕಟ್ಟು ಕಾರ್ಡ್ ಬೇಕಾಗುತ್ತೆ, ಮಾಡೋ ಶ್ರಮ ಇದೆ, ಬೇರೆ ದಾರಿ ಇಲ್ಲ.

ಇನ್ನು ಆ ಗಲಾಟೆ. ಮಕ್ಕಳು ತಮ್ಮ ಭಾಷೆಯಲ್ಲಿ ಕಿರುಚೋದು ಹಟಕ್ಕಲ್ಲ. ನೀವು ಪ್ರಾಣಿಗಳ ಹೆಸರು ಕಲಿಸಿದ್ದೀರಿ, ಜಗಳದ ಭಾಷೆ ಕಲಿಸಿಲ್ಲ. "ನನ್ನ ಸರದಿ", "ಬೇಗ ಆಡು", "ಸಿಕ್ತು!", "ಇಣುಕಬೇಡ", "ಮೋಸ ಮೋಸ!" ಈ ಐದನ್ನು ಆಟಕ್ಕೆ ಮೊದಲೇ ಅಭಿನಯ ಮಾಡಿ ಹೇಳಿಕೊಡಿ. ಎಲ್ಲಕ್ಕಿಂತ ಬೇಗ ಬಾಯಿಗೆ ಬರೋದು 'ಮೋಸ'ವೇ. ಮನೆಮಾತಲ್ಲಿ ಮಾತಾಡಿದ್ದಕ್ಕೆ ಅಂಕ ಕಳೆಯಬೇಡಿ. ಅದರಿಂದ ಕನ್ನಡ ಬರಲ್ಲ, ಬಾಯಿ ಮುಚ್ಚುತ್ತೆ ಅಷ್ಟೆ.

ಪ್ರಶ್ನೆ: 8 ಪದ ತೀರಾ ಕಡಿಮೆ ಆಗಲ್ವಾ ಮೇಡಂ? ನಾನು ಬಣ್ಣಗಳೆಲ್ಲ ಒಂದು ದಿನ, ಮೈಯ ಭಾಗಗಳೆಲ್ಲ ಒಂದು ದಿನ ಅಂತ ಯೋಜನೆ ಹಾಕಿದ್ದೆ.

ಉತ್ತರ (ಭಾಷಾ ಶಿಕ್ಷಕಿ): ಆ 8ರಲ್ಲೂ ಹೊಸದು 3 ಇರಲಿ, ಉಳಿದ 5 ಗೊತ್ತಿರೋವೇ. ಎಲ್ಲವೂ ಹೊಸದಾದರೆ ಮಗು ಪದ ಹುಡುಕೋದರಲ್ಲೇ ಸುಸ್ತಾಗುತ್ತೆ, ಆಟ ನಿಂತುಬಿಡುತ್ತೆ.

ಬಣ್ಣಗಳೆಲ್ಲ ಒಂದೇ ದಿನ ಅನ್ನೋದು ನೋಡೋಕೆ ಅಚ್ಚುಕಟ್ಟು, ತಲೆಗೆ ಗೋಜಲು. ಒಂದೇ ಜಾತಿಯ ಹೊಸ ಪದಗಳು ಒಟ್ಟಿಗೆ ಬಂದರೆ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತೆ. ಭಾಷಾ ಕಲಿಕೆಯ ಸಂಶೋಧಕ ಥಾಮಸ್ ಟಿಂಕಮ್ 1993ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಗುಂಪಿನ ಪದಗಳನ್ನು ಕಲಿಯೋದು ಸಂಬಂಧವಿಲ್ಲದ ಪದಗಳನ್ನು ಕಲಿಯೋದಕ್ಕಿಂತ ಕಷ್ಟವಾಗಿತ್ತು. 'ಎಡ', 'ಬಲ' ಜೊತೆಯಾಗಿ ಕಲಿಸಿ ನೋಡಿ, ತಿಂಗಳಾದರೂ ಅದಲುಬದಲು ಹೋಗಲ್ಲ. ಮೊದಲು 'ಬಲ' ಗಟ್ಟಿಯಾಗಲಿ, 'ಎಡ' ಮುಂದಿನ ವಾರ ಬರಲಿ. ಹೊಸ ಮೂರು ಪದ 'ಕೆಂಪು, ಬಾಗಿಲು, ಓಡು' ಅಂತ ಬೇರೆಬೇರೆ ಕಡೆಯಿಂದ ಇದ್ದರೆ ಕಲಬೆರಕೆ ಆಗಲ್ಲ.

ಪ್ರಶ್ನೆ: ನನ್ನ ಗುಂಪಲ್ಲಿ ಒಂದು ಹುಡುಗಿ 5 ವಾರದಿಂದ ಒಂದೇ ಒಂದು ಮಾತಾಡಿಲ್ಲ. ಆಟಕ್ಕೆ ಬರ್ತಾಳೆ, ನಗ್ತಾಳೆ, ಅಷ್ಟೆ. ಬಲವಂತ ಮಾಡಬೇಕಾ?

ಉತ್ತರ (ಭಾಷಾ ಶಿಕ್ಷಕಿ): ಬೇಡವೇ ಬೇಡ. ಹೊಸ ಭಾಷೆಗೆ ಬಿದ್ದ ಮಕ್ಕಳಲ್ಲಿ ಹಲವರು ಮೊದಲು ಸುಮ್ಮನೆ ಕೇಳಿಸಿಕೊಳ್ತಾರೆ, ಕೆಲವರಿಗೆ ಇದು ತಿಂಗಳುಗಟ್ಟಲೆ ಆಗುತ್ತೆ. ಕೇಳೋದೇ ಕೆಲಸವಾಗಿರೋ ಆಟ ಅವಳಿಗೆ ಕೊಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ವಿಧಾನ ಇದಕ್ಕೆ ಸರಿಯಾಗಿದೆ: ಹೇಳಿದ್ದನ್ನು ಮೈಯಿಂದ ಮಾಡಿ ತೋರಿಸೋದು, ಬಾಯಿಂದಲ್ಲ. "ಎದ್ದೇಳು", "ಬಾಗಿಲು ಮುಟ್ಟು" ಅಂತ ಶುರುಮಾಡಿ, ಆಮೇಲೆ "ಕೆಂಪು ಚೆಂಡನ್ನು ಕುರ್ಚಿ ಕೆಳಗೆ ಇಡು". ಮೊದಲ ಎರಡು ಸಲ ನೀವೂ ಜೊತೆಗೆ ಮಾಡಿ, ಮೂರನೆಯ ಸಲ ಕೈ ಕಟ್ಟಿ ನಿಲ್ಲಿ. ಇಲ್ಲಾಂದ್ರೆ ಅವಳು ನಿಮ್ಮನ್ನು ನೋಡಿ ಮಾಡ್ತಿದ್ದಾಳೋ, ಮಾತು ಅರ್ಥವಾಗಿ ಮಾಡ್ತಿದ್ದಾಳೋ ಗೊತ್ತಾಗಲ್ಲ. ನಾಲ್ಕನೆಯ ಸಲ ತಪ್ಪು ಮಾಡಿ: ಚೆಂಡನ್ನು ಕುರ್ಚಿ ಮೇಲೆ ಇಟ್ಟು ಸುಮ್ಮನಿರಿ. ತಿದ್ದೋ ಆಸೆಗೆ ಮೊದಲ ಮಾತು ಹೊರಬೀಳೋದು ಹೆಚ್ಚಾಗಿ ಅಲ್ಲೇ.

ಉತ್ತರ (ಮಾತು-ಶ್ರವಣ ತಜ್ಞ): ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮಗು ಮನೆಮಾತಲ್ಲಿ ವಯಸ್ಸಿಗೆ ತಕ್ಕ ಹಾಗೆ ಮಾತಾಡ್ತಾಳಾ ಅಂತ ಅವರ ಮನೆಯವರನ್ನು ಕೇಳಿ. ಮಾತಾಡ್ತಾಳೆ, ಹೇಳಿದ್ದನ್ನು ಮಾಡ್ತಾಳೆ ಅಂದ್ರೆ ಸದ್ಯಕ್ಕೆ ಕಾಯಬಹುದು. ಮನೆಯಲ್ಲೂ ಮಾತು ಕಡಿಮೆ, ಹಿಂದಿನಿಂದ ಕರೆದರೆ ತಿರುಗಲ್ಲ ಅಂದ್ರೆ ಮೊದಲು ಕಿವಿ ಪರೀಕ್ಷೆ ಮಾಡಿಸಲಿ. ಮನೆಯಲ್ಲಿ ಚೆನ್ನಾಗಿ ಮಾತಾಡೋ ಮಗು ತಿಂಗಳುಗಳಾದರೂ ತರಗತಿಯಲ್ಲಿ ಮಾತ್ರ ಬಾಯಿ ಬಿಡ್ತಿಲ್ಲ ಅಂದ್ರೂ ಒಮ್ಮೆ ತಜ್ಞರಿಗೆ ತೋರಿಸೋದು ಒಳ್ಳೇದು. ಯಾವ ಕಾರಣಕ್ಕೂ "ಮನೆಯಲ್ಲಿ ನಿಮ್ಮ ಭಾಷೆ ನಿಲ್ಲಿಸಿ" ಅಂತ ಹೇಳಬೇಡಿ.

ಪ್ರಶ್ನೆ: ಸರ್, ಮಕ್ಕಳಿಗೆ ಲ-ಳ ವ್ಯತ್ಯಾಸ ಬರ್ತಾನೇ ಇಲ್ಲ. ನೂರು ಸಲ ಹೇಳಿಸಿದೆ.

ಉತ್ತರ (ಮಾತು-ಶ್ರವಣ ತಜ್ಞ): ಹೇಳಿಸೋದು ಆಮೇಲೆ. ಕಿವಿಗೆ ಬೇರೆ ಅಂತ ಗೊತ್ತಾಗದ್ದನ್ನು ನಾಲಿಗೆ ಬೇರೆ ಮಾಡೋದು ಕಷ್ಟ. ಒಂದೇ ಅಕ್ಷರದಲ್ಲಿ ಅರ್ಥ ಬದಲಾಗೋ, ಚಿತ್ರ ಬರೆಯೋಕಾಗೋ ಜೋಡಿಗಳನ್ನು ಹಿಡಿಯಿರಿ: ಹಲ್ಲಿ-ಹಳ್ಳಿ, ಬಲೆ-ಬಳೆ, ಕಾಲು-ಕಾಳು. ಒಂದು ಗೋಡೆಗೆ ಹಲ್ಲಿ, ಎದುರಿನ ಗೋಡೆಗೆ ಹಳ್ಳಿ. ನೀವು ಬಾಯಿಗೆ ಹಾಳೆ ಅಡ್ಡ ಹಿಡಿದು ಹೇಳಿ, ಅವರು ಸರಿಯಾದ ಗೋಡೆಗೆ ಓಡಲಿ. ಹಾಳೆ ಯಾಕೆ ಅಂದ್ರೆ, ಜಾಣ ಮಕ್ಕಳು ತುಟಿ ನೋಡಿ, ಹುಬ್ಬು ನೋಡಿ ಊಹಿಸ್ತಾರೆ. ಒಬ್ಬರ ಹಿಂದೆ ಎಲ್ಲರೂ ಓಡೋದೂ ಉಂಟು, ಹಾಗಾದರೆ ಕಣ್ಣು ಮುಚ್ಚಿ ನಿಲ್ಲಿಸಿ ಕೈ ತೋರಿಸೋಕೆ ಹೇಳಿ. ಹತ್ತಕ್ಕೆ ಎಂಟು ಸರಿ ಬರೋವರೆಗೆ ಬರೀ ಕೇಳೋ ಆಟ. ಆಮೇಲೆ ಮಗುವೇ ಕೂಗಲಿ. ಅದು 'ಹಳ್ಳಿ' ಅನ್ನೋಕೆ ಹೋಗಿ 'ಹಲ್ಲಿ' ಅಂದರೆ ಎಲ್ಲರೂ ತಪ್ಪು ಗೋಡೆಗೆ ಓಡ್ತಾರೆ, ನೀವು ತಿದ್ದೋ ಅಗತ್ಯವೇ ಬೀಳಲ್ಲ. ನಾಲಿಗೆಗೆ ಗುರುತು ಇಷ್ಟು: 'ಲ'ಗೆ ತುದಿ ಮೇಲಿನ ಹಲ್ಲಿನ ಹಿಂದೆ, 'ಳ'ಗೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ.

ಪ್ರಶ್ನೆ: ಸೋತವರು ಅಳ್ತಾರೆ.

ಉತ್ತರ (ಭಾಷಾ ಶಿಕ್ಷಕಿ): ಆಟದಿಂದ ಔಟ್ ಮಾಡೋ ನಿಯಮ ತೆಗೆದುಹಾಕಿ. ಔಟಾಗೋದು ಸಾಮಾನ್ಯವಾಗಿ ಭಾಷೆ ಕಡಿಮೆ ಬರೋ ಮಗುವೇ, ಅಭ್ಯಾಸ ಹೆಚ್ಚು ಬೇಕಾಗಿರೋದೂ ಅದಕ್ಕೇ. ಗುಂಪೆಲ್ಲ ಒಂದು ಕಡೆ, ಗಡಿಯಾರ ಇನ್ನೊಂದು ಕಡೆ ಮಾಡಿ: ನಿನ್ನೆ 3 ನಿಮಿಷದಲ್ಲಿ 14 ಕಾರ್ಡ್ ಹೇಳಿದ್ರಿ, ಇವತ್ತು ಎಷ್ಟು?

ಪ್ರಶ್ನೆ: ಮೇಡಂ, 11-12 ವರ್ಷದವರಿಗೆ ಈ ಓಡೋ ಆಟ ಹೇಳಿದ್ರೆ ಮುಖ ತಿರುಗಿಸ್ತಾರೆ. ಅವರಿಗೆ ಏನು ಮಾಡ್ಲಿ?

ಉತ್ತರ (ಭಾಷಾ ಶಿಕ್ಷಕಿ): ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಂದೇ ಕೋಣೆಯ ಚಿತ್ರ ಇಬ್ಬರಿಗೂ, ಆದ್ರೆ 6 ಕಡೆ ವ್ಯತ್ಯಾಸ ಇರಲಿ. "ನಿನ್ನ ಚಿತ್ರದಲ್ಲಿ ಗಡಿಯಾರ ಎಲ್ಲಿದೆ?" "ಕಿಟಕಿ ಮೇಲೆ." "ನನ್ನದರಲ್ಲಿ ಪಕ್ಕದಲ್ಲಿದೆ!" 8 ನಿಮಿಷ ಕೊಡಿ, ಕೊನೆಗೆ ಚಿತ್ರ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಲಿ. 'ಮೇಲೆ, ಕೆಳಗೆ, ಹಿಂದೆ, ನಡುವೆ' ಇಲ್ಲದೆ ಈ ಆಟ ಒಂದು ಹೆಜ್ಜೆಯೂ ಮುಂದೆ ಹೋಗಲ್ಲ. ವ್ಯತ್ಯಾಸ ಬಣ್ಣದಲ್ಲೇ ಇಟ್ಟರೆ 'ಕೆಂಪಾ? ನೀಲಿಯಾ?' ಅಂತ ಒಂದೊಂದು ಪದದಲ್ಲೇ ಮುಗಿಸಿಬಿಡ್ತಾರೆ, ಆದ್ದರಿಂದ ಆರರಲ್ಲಿ ನಾಲ್ಕಾದರೂ ಜಾಗದ ವ್ಯತ್ಯಾಸವೇ ಇರಲಿ. ಕೈಸನ್ನೆ ಶುರುವಾಯ್ತು ಅಂದ್ರೆ ಬೆನ್ನು ತಿರುಗಿದೆ ಅಂತ ಅರ್ಥ, ಹೋಗಿ ಕುರ್ಚಿ ಸರಿ ಮಾಡಿ.