ಮಧ್ಯಾಹ್ನ ಆದರೆ 128×64 ಎಲ್‌ಸಿಡಿ ಪೂರ್ತಿ ಕಪ್ಪಾಗುತ್ತದೆ

ಪ್ರಶ್ನೆ (ದಾವಣಗೆರೆ):
ಮಂಡಕ್ಕಿ ಭಟ್ಟಿಗೆ ಒಂದು ತಾಪಮಾನ ಮೀಟರ್ ಮಾಡಿಕೊಟ್ಟಿದ್ದೇನೆ. ಕೆಎಸ್0108 ಡ್ರೈವರ್ ಚಿಪ್ (ಚುಕ್ಕಿಗಳಿಗೆ ವೋಲ್ಟೇಜ್ ಕೊಡುವ ಚಿಪ್) ಇರುವ 128×64 ಗ್ರಾಫಿಕ್ ಎಲ್‌ಸಿಡಿ. ಬೆಳಗ್ಗೆ ಅಕ್ಷರ ಸ್ಪಷ್ಟ. ಭಟ್ಟಿ ಕಾದು ಬಿಸಿಲೂ ಏರಿದ ಮೇಲೆ ಇಡೀ ಪರದೆ ಕಪ್ಪು. ಪ್ರೀಸೆಟ್ (ಕಾಂಟ್ರಾಸ್ಟ್ ಹೊಂದಿಸುವ ಸಣ್ಣ ತಿರುಪು ರೆಸಿಸ್ಟರ್) ತಿರುಗಿಸಿದರೆ ಸರಿಹೋಗುತ್ತದೆ, ಆದರೆ ಮರುದಿನ ಬೆಳಗ್ಗೆ ಅಕ್ಷರವೇ ಕಾಣುವುದಿಲ್ಲ. ಪ್ರೋಗ್ರಾಂ ಬದಲಿಸಬೇಕಾ, ಡಿಸ್‌ಪ್ಲೇ ಬದಲಿಸಬೇಕಾ?

ಉತ್ತರ (ಚಿತ್ರದುರ್ಗ):
ಎರಡೂ ಬೇಡ ಸರ್. ಬಿಸಿ ಏರಿದಂತೆ ಕಾಂಟ್ರಾಸ್ಟ್ ವೋಲ್ಟೇಜ್ ಇಳಿಯಬೇಕು, ನಿಮ್ಮದು ಇಳಿಯುತ್ತಿಲ್ಲ.

ಈ ಗಾಜಿನಲ್ಲಿ ಒಂದೊಂದು ಚುಕ್ಕಿಗೆ ಒಂದೊಂದು ವೈರ್ ಇಲ್ಲ. ಅಡ್ಡ ಸಾಲು 64, ಉದ್ದ ಸಾಲು 128. ಅವು ಸೇರುವ ಕಡೆಯೇ ಚುಕ್ಕಿ. ಡ್ರೈವರ್ ಒಂದೊಂದೇ ಅಡ್ಡ ಸಾಲನ್ನು ಆರಿಸುತ್ತಾ ಹೋಗುತ್ತದೆ. ಹಾಗಾಗಿ ಆಫ್ ಇರುವ ಚುಕ್ಕಿಗೂ ಒಂದಷ್ಟು ವೋಲ್ಟೇಜ್ ಬಿದ್ದೇ ಬೀಳುತ್ತದೆ. ಇದರ ಲೆಕ್ಕವನ್ನು ಆಲ್ಟ್ ಮತ್ತು ಪ್ಲೆಶ್ಕೊ ಎಂಬ ಸಂಶೋಧಕರು 1974ರಲ್ಲೇ ಕೊಟ್ಟಿದ್ದಾರೆ. 16 ಸಾಲಿದ್ದರೆ ಆನ್ ಚುಕ್ಕಿಗೆ ಆಫ್‌ಗಿಂತ ಸುಮಾರು 29% ಜಾಸ್ತಿ ಆರ್‌ಎಂಎಸ್ ವೋಲ್ಟೇಜ್ (ಒಂದು ಥರದ ಸರಾಸರಿ) ಸಿಗುತ್ತದೆ. 64 ಸಾಲಿಗೆ ಬರೀ 13%, ಅದೂ ಬಯಾಸ್ (ವೋಲ್ಟೇಜನ್ನು ಹಂತಗಳಾಗಿ ಹಂಚುವ ಅನುಪಾತ) 1/9 ಇದ್ದಾಗ. ಬಿಸಿಯಾದ ಲಿಕ್ವಿಡ್ ಕ್ರಿಸ್ಟಲ್ ಕಡಿಮೆ ವೋಲ್ಟೇಜಿಗೇ ತಿರುಗಿ ಕಪ್ಪು ತೋರಿಸುತ್ತದೆ. ಅಂತರ ಇಷ್ಟು ಸಣ್ಣದಿದ್ದಾಗ ಆಫ್ ಚುಕ್ಕಿಯೂ ಕಪ್ಪಾಗದೆ ಇರುತ್ತದಾ? 16×2 ಡಿಸ್‌ಪ್ಲೇಯಲ್ಲಿ (ಅಕ್ಷರದ ಸಾಲು ಎರಡು, ಚುಕ್ಕಿಯ ಅಡ್ಡ ಸಾಲು 16) ಈ ಕಾಟ ಕಡಿಮೆ ಇರುವುದು ಅದಕ್ಕೇ.

5 ವೋಲ್ಟ್ ಮತ್ತು ವಿ0 ಪಿನ್ (ಕಾಂಟ್ರಾಸ್ಟ್ ಪಿನ್) ನಡುವೆ 10ಕೆ ಎನ್‌ಟಿಸಿ ಥರ್ಮಿಸ್ಟರ್ ಹಾಕಿ, ಅದಕ್ಕೆ ಪ್ಯಾರಲಲ್ ಆಗಿ 10ಕೆ ರೆಸಿಸ್ಟರ್. ವಿ0ಯಿಂದ ಮೈನಸ್ ಸಪ್ಲೈಗೆ (ಸೊನ್ನೆಗಿಂತ ಕೆಳಗಿನ ವೋಲ್ಟೇಜ್) ಪ್ರೀಸೆಟ್. ಬಿಸಿಯಾದಾಗ ಎನ್‌ಟಿಸಿ ರೆಸಿಸ್ಟೆನ್ಸ್ ಇಳಿಯುತ್ತದೆ, ವಿ0 5 ವೋಲ್ಟ್ ಕಡೆ ಸರಿಯುತ್ತದೆ. ಇವೆರಡರ ಅಂತರವೇ ಕಾಂಟ್ರಾಸ್ಟ್ ವೋಲ್ಟೇಜ್, ಅದು ಇಳಿದು ಕಪ್ಪು ತಗ್ಗುತ್ತದೆ. ಎನ್‌ಟಿಸಿಯನ್ನು ಗಾಜಿನ ಹಿಂದೆಯೇ ಅಂಟಿಸಿ. ಭಟ್ಟಿಯ ಸೆನ್ಸರ್ ಪಕ್ಕ ಇಟ್ಟರೆ ಪ್ರಯೋಜನ ಇಲ್ಲ.

ಪ್ರಶ್ನೆ (ದಾವಣಗೆರೆ):
ಹಾಕಿದೆ ಅಣ್ಣ, ಈಗ ದಿನವಿಡೀ ಓದಬಹುದು. ಆದರೆ ದಪ್ಪ ಗೆರೆ ಎಳೆದರೆ ಅದರ ಮೇಲೆ, ಕೆಳಗೆ ತೆಳು ನೆರಳು ಬರುತ್ತಿದೆ.

ಉತ್ತರ (ಚಿತ್ರದುರ್ಗ):
ಅದು ಕ್ರಾಸ್‌ಟಾಕ್. ಅದೇ ಉದ್ದ ಸಾಲಿನ ಬೇರೆ ಚುಕ್ಕಿಗಳಿಗೂ ಗೆರೆಯ ಸಿಗ್ನಲ್ ತಾಗುತ್ತಿದೆ. ಬಯಾಸ್ ರೆಸಿಸ್ಟರ್‌ಗಳ ಒಂದೊಂದು ಟ್ಯಾಪ್‌ಗೂ (ಎರಡು ರೆಸಿಸ್ಟರ್ ಸೇರುವ ಜಾಗ) 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ. ನೆರಳು ತುಂಬಾ ತಗ್ಗುತ್ತದೆ, ಪೂರ್ತಿ ಹೋಗದಿರಬಹುದು.

ಒಂದೇ ಸಲ ಹಲವು ಸಾಲು ಆರಿಸುವ ವಿಧಾನಗಳ ಮೇಲೆ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಟಿ.ಎನ್. ರುಕ್ಮಾಂಗದನ್ ಬಹಳ ಒಳ್ಳೆಯ ಕೆಲಸ ಮಾಡಿದ್ದಾರೆ. ಆಸಕ್ತಿ ಇದ್ದರೆ ಖಂಡಿತ ಓದಿ. ಆದರೆ ಅದಕ್ಕೆ ಬೇರೆಯೇ ಡ್ರೈವರ್ ಬೇಕು, ಕೆಎಸ್0108ರಲ್ಲಿ ಆಗುವುದಿಲ್ಲ.

ಮೈನಸ್ ಸಪ್ಲೈ ಹೊರಗಿನಿಂದ ಕೊಡುತ್ತಿದ್ದರೆ ಮೊದಲು 5 ವೋಲ್ಟ್ ಆನ್ ಮಾಡಿ, ಆಮೇಲೆ ಅದು. ಆಫ್ ಮಾಡುವಾಗ ತಿರುಗಾಮುರುಗಾ. ಸಾಲು ಆರಿಸುವ ಸ್ಕ್ಯಾನ್ ನಿಂತು ಗಾಜಿನ ಮೇಲೆ ಡಿಸಿ (ಒಂದೇ ದಿಕ್ಕಿನ ವೋಲ್ಟೇಜ್) ಉಳಿದರೆ ಎಲೆಕ್ಟ್ರೋಡ್ ಹಾಳಾಗುತ್ತದೆ.